ಗಾಳಿ ಹಾಸಿಗೆಯ ಸರದಿ

ಮೆಟ್ಟಿಲು ಹತ್ತುತ್ತಲೇ ಅವನು ಮುಖವನ್ನು ಸಿದ್ಧ ಮಾಡಿಕೊಳ್ಳತೊಡಗಿದ. ಸಾವಾದ ಮನೆಗೆ ಹೋಗುವಾಗ ಹಾಕಿಕೊಳ್ಳುವ ಮುಖ ಅದು. ಹುಬ್ಬು ಸ್ವಲ್ಪ ಕೆಳಗೆ, ತುಟಿ ಬಿಗಿ, ಕಣ್ಣು ಎದುರಿನವರ ಕಾಲಿನ ಕಡೆ. ತೀರಾ ಅಳುಮೋರೆ ಮಾಡಿದರೆ ನಾಟಕ ಅನ್ನುತ್ತಾರೆ, ಮಾಡದಿದ್ದರೆ ಸಾಮಾನು ಎತ್ತಿಕೊಂಡು ಹೋಗಲು ಬಂದ ಕಟುಕ ಅನ್ನುತ್ತಾರೆ. ಎರಡರ ನಡುವೆ ಎಲ್ಲೋ ನಿಂತುಕೊಂಡು ‘ಜಾಸ್ತಿ ಕಷ್ಟ ಆಗ್ಲಿಲ್ಲ ತಾನೆ’ ಎಂದು ಕೇಳಬೇಕು, ಕೊಟ್ಟ ನೀರು ಕುಡಿಯಬೇಕು, ಮನೆಯವರು ತಾವಾಗಿಯೇ ‘ಆ ಹಾಸಿಗೆ...’ ಎಂದು ಬಾಯಿ ತೆರೆಯುವ ತನಕ ಗೋಡೆ ನೋಡುತ್ತ ಕೂರಬೇಕು. ಇಷ್ಟು ವರ್ಷದಲ್ಲಿ ಇದೆಲ್ಲ ಅವನಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಇವತ್ತು ಮಾತ್ರ ಮುಖ ನಿಲ್ಲುತ್ತಿರಲಿಲ್ಲ, ಒಂದೊಂದು ಮಹಡಿಗೂ ಜಾರುತ್ತಿತ್ತು. ಯಾಕೆಂದರೆ ಈ ಮನೆಯಿಂದ ಯಾರೂ ಅವನನ್ನು ಕರೆದಿರಲಿಲ್ಲ. ಕರೆಯದೆ ಹೋಗಬಾರದು ಎನ್ನುವುದು ಅವನೇ ಮಾಡಿಕೊಂಡ ಕಟ್ಟಳೆ. ಕೆಳಗೆ ವ್ಯಾನು ನಿಲ್ಲಿಸಿಕೊಂಡಿದ್ದ ಡ್ರೈವರು ಕೂಡ ಕೇಳಿದ್ದ, ‘ಫೋನ್ ಬಂತಾ ಅಣ್ಣ?’ ಎಂದು. ‘ಬರುತ್ತೆ ನಡಿ’ ಅಂದಿದ್ದ.

ಧರ್ಮಾಸ್ಪತ್ರೆಯ ಹಿಂದಿನ ಉಗ್ರಾಣ ನೋಡಿಕೊಳ್ಳುವ ಕೆಲಸ ಅವನದು. ಆಸ್ಪತ್ರೆಗೆ ಬಂದು ಬಿದ್ದುಕೊಳ್ಳಲಾಗದ, ದುಡ್ಡು ಕೊಟ್ಟು ನರ್ಸಿಟ್ಟುಕೊಳ್ಳಲಾಗದ ಮುದುಕ ಮುದುಕಿಯರ ಮನೆಗಳಿಗೆ ಅಲ್ಲಿಂದ ಮಂಚ, ವಾಕರ್, ಗಾಲಿಕುರ್ಚಿ ಎರವಲು ಹೋಗುತ್ತವೆ. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಗಾಳಿ ಹಾಸಿಗೆಗೆ. ಮಗ್ಗುಲು ಬದಲಿಸಲಾಗದೆ ಮಲಗಿದಲ್ಲೇ ಮಲಗಿ ಬೆನ್ನು, ಸೊಂಟ ಕೊಳೆಯತೊಡಗಿದವರಿಗೆ ಅದೊಂದೇ ಗತಿ. ಪಕ್ಕದಲ್ಲಿ ಸಣ್ಣ ಪಂಪೊಂದು ಗುಂಯ್ ಅನ್ನುತ್ತ ಹಾಸಿಗೆಯ ಒಂದು ಸಾಲು ಉಬ್ಬಿಸಿ ಇನ್ನೊಂದು ಸಾಲು ತಗ್ಗಿಸುತ್ತ, ಮನುಷ್ಯರು ಮಾಡಬೇಕಾದ ಚಾಕರಿಯನ್ನು ತಾನು ಮಾಡುತ್ತಿರುತ್ತದೆ. ಇರುವವೇ ಬೆರಳೆಣಿಕೆಯಷ್ಟು. ಹಾಗಾಗಿ ಸರದಿ. ಸರದಿ ಹೇಗೆ ಸರಿಯುತ್ತದೆ ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಪಂಪು ನೋಡುವ ನೆಪದಲ್ಲಿ ಅವನು ಆಗಾಗ ಮನೆಗಳಿಗೆ ಹೋಗುತ್ತಾನೆ, ಪಂಪನ್ನೂ ನೋಡುತ್ತಾನೆ, ಹಾಸಿಗೆಯ ಮೇಲಿರುವವರನ್ನೂ ನೋಡುತ್ತಾನೆ. ಪಾದ ಎಷ್ಟು ಊದಿದೆ, ಗಂಜಿ ಇಳಿಯುತ್ತಿದೆಯೋ ಕಟವಾಯಿಯಲ್ಲಿ ಹೊರಬರುತ್ತಿದೆಯೋ, ಉಸಿರು ಎದೆಯಲ್ಲಿದೆಯೋ ಗಂಟಲಿಗೆ ಬಂದಿದೆಯೋ. ಬೀದಿಗಳಲ್ಲಿ ಅವನ ಹೆಸರು ಮಂಚದಣ್ಣ. ವ್ಯಾನು ತಿರುವಿನಲ್ಲಿ ಕಂಡರೆ ಹೆಂಗಸರು ಬಾಗಿಲಿಗೆ ಬಂದು ಯಾರ ಮನೆ ಮುಂದೆ ನಿಲ್ಲುತ್ತದೆ ಎಂದು ನೋಡುತ್ತಾರೆ. ಒಮ್ಮೆ ಸುಮ್ಮನೆ ಬೆಂಕಿಪೊಟ್ಟಣ ಕೊಳ್ಳಲು ನಿಲ್ಲಿಸಿದ್ದಕ್ಕೆ ಅಂಗಡಿಯವನು, ‘ಇಲ್ಲಿ ಬೇಡಣ್ಣ, ನಮ್ಮಪ್ಪ ಇನ್ನೂ ಗಟ್ಟಿಯಾಗಿದ್ದಾನೆ, ಮುಂದೆ ಹೋಗಿ ನಿಲ್ಲಿಸು’ ಅಂದ. ಸುತ್ತಲಿದ್ದವರು ನಕ್ಕರು, ಅವನೂ ನಕ್ಕ.

ಹೋದ ವಾರ ಈ ಮನೆಗೆ ಬಂದಾಗ ಗಾಳಿ ಹಾಸಿಗೆಯ ಮೇಲಿದ್ದ ಲಿಫ್ಟಜ್ಜನ ಪಾದ ಊದಿತ್ತು. ಉಸಿರು ಗಂಟಲಿಗೆ ಬಂದಿತ್ತು. ಕರೆದರೆ ಕಣ್ಣು ತೆರೆದು ಯಾರನ್ನೋ ನೋಡುವಂತೆ ನೋಡಿ ಮುಚ್ಚಿಕೊಂಡಿದ್ದ. ಈ ವಾರ ದಾಟುವುದಿಲ್ಲ ಎಂದು ಅವನ ಲೆಕ್ಕ. ಲೆಕ್ಕ ಹಾಕಿ ತನ್ನಷ್ಟಕ್ಕೆ ಇಟ್ಟುಕೊಂಡಿದ್ದರೆ ಆಗುತ್ತಿತ್ತು, ಇಟ್ಟುಕೊಳ್ಳಲಿಲ್ಲ. ಅಲ್ಲಿಂದ ಸೀದಾ ಅಕ್ಕನ ಮನೆಗೆ ಹೋಗಿ ಭಾವನ ಕಿವಿಯಲ್ಲಿ, ‘ಇನ್ನು ಸ್ವಲ್ಪ ದಿನ ಅಷ್ಟೆ ಭಾವ, ಹಾಸಿಗೆ ಬರುತ್ತೆ’ ಅಂದುಬಿಟ್ಟ. ಸರದಿಯಲ್ಲಿ ಈಗ ಅಕ್ಕನೇ ಮೊದಲು. ಅವಳಿಗಾಗಿ ಅವನು ಯಾರನ್ನೂ ಹಿಂದೆ ತಳ್ಳಿರಲಿಲ್ಲ. ಅವಳ ಸೊಂಟದ ಹುಣ್ಣು ಕೆಂಪಗೆ ಇದ್ದದ್ದು ಕಪ್ಪಾಗಿ, ಕಪ್ಪಗೆ ಇದ್ದದ್ದು ಗುಳಿಯಾಗುವ ತನಕ ಬಾಯಿ ಮುಚ್ಚಿಕೊಂಡು ಕಾದಿದ್ದ. ಅದನ್ನೊಂದು ದೊಡ್ಡತನ ಎಂದು ತನಗೆ ತಾನೇ ಹೇಳಿಕೊಂಡೂ ಇದ್ದ. ಅಕ್ಕನ ಹುಣ್ಣಿನ ಮೇಲೆ ಕಟ್ಟಿದ ದೊಡ್ಡತನ. ಗಡಿಯಾರ ರಿಪೇರಿ ಮಾಡಿಕೊಂಡಿದ್ದ ಭಾವನ ಕೈ ಈಗ ನಡುಗುತ್ತದೆ, ಹೆಂಡತಿಯನ್ನು ತಿರುಗಿಸಲು ಹೋಗಿ ಒಮ್ಮೆ ಅವಳ ಮೇಲೆಯೇ ಬಿದ್ದಿದ್ದ. ಇಬ್ಬರೂ ಹಾಗೇ ಒಬ್ಬರ ಮೇಲೊಬ್ಬರು ಬಿದ್ದುಕೊಂಡು, ಪಕ್ಕದ ಮನೆಯವರು ಬರುವ ತನಕ ಏಳಲಾಗದೆ, ಅಕ್ಕ ಅಷ್ಟು ನೋವಿನಲ್ಲೂ ‘ಮದುವೆಯಾದ ಹೊಸದರಲ್ಲಿ ಇಷ್ಟು ಹೊತ್ತು ಬಿದ್ದಿರಲಿಲ್ಲ ನೀವು’ ಅಂದಿದ್ದಳಂತೆ. ಅದನ್ನು ಹೇಳುತ್ತ ಭಾವ ನಗಲು ಹೋಗಿ ಅತ್ತುಬಿಟ್ಟಿದ್ದ. ಅಕ್ಕನನ್ನು ತನ್ನ ಮನೆಗೇ ಕರೆತರಬಹುದಿತ್ತು. ಹೆಂಡತಿ ಬೇಡ ಅನ್ನುತ್ತಿದ್ದಳೋ ಇಲ್ಲವೋ, ಅವನು ಕೇಳಿಯೇ ಇರಲಿಲ್ಲ. ಕೇಳಿ ಅವಳು ಆಗಲಿ ಅಂದುಬಿಟ್ಟರೆ ಎಂಬ ಹೆದರಿಕೆ.

ಬಾಗಿಲು ಅರೆ ತೆರೆದಿತ್ತು. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು. ಸಾವಾದ ಮನೆಯಲ್ಲಿ ಇಷ್ಟು ಬೇಗ ಹೊಲಿಗೆಯೇ ಎಂದುಕೊಳ್ಳುತ್ತ ಅವನು ಚಪ್ಪಲಿ ಬಿಟ್ಟು, ಮುಖವನ್ನು ಇನ್ನೊಮ್ಮೆ ಬಿಗಿದು ಒಳಗೆ ಕಾಲಿಟ್ಟ. ಲಿಫ್ಟಜ್ಜ ಮಂಚದ ತಲೆಯ ಭಾಗ ಎತ್ತರಿಸಿಕೊಂಡು ಒರಗಿ, ಗಡ್ಡ ಹೆರೆಸಿಕೊಂಡ ನುಣ್ಣನೆಯ ಮುಖದಲ್ಲಿ, ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದ.

ಅಯ್ಯೋ, ಇದ್ದಾನಲ್ಲ, ಎಂದಿತು ಅವನ ಮನಸ್ಸು. ಬೇರೆ ಯಾವ ಮಾತೂ ಬರುವ ಮೊದಲು ಬಂದ ಮಾತು ಅದು. ಹಿಂದೆಯೇ ನಾಚಿಕೆ ಬಂತು, ಆದರೆ ತಡವಾಗಿ, ಊಟ ಮುಗಿದ ಮೇಲೆ ಬಂದ ನೆಂಟನ ಹಾಗೆ. ಮುಖದ ಮೇಲೆ ಹಾಕಿಕೊಂಡಿದ್ದ ದುಃಖವನ್ನು ಎಲ್ಲಿಡುವುದು ಎಂದು ತಿಳಿಯದೆ ಅವನು ಕೆಮ್ಮಿದ, ಕರ್ಚೀಫು ತೆಗೆದು ಮುಖವನ್ನೆಲ್ಲ ಒರೆಸಿಕೊಂಡ. ಲಿಫ್ಟಜ್ಜನ ಮಗಳು ಯಂತ್ರದಿಂದ ತಲೆ ಎತ್ತಿ ಅವನನ್ನು ನೋಡಿದಳು. ಮೊದಲು ಅವನ ಮುಖ, ಆಮೇಲೆ ಕಿಟಕಿಯಾಚೆ ಕೆಳಗೆ ನಿಂತ ವ್ಯಾನು. ಬರಿಯ ಪಂಪು ನೋಡಲು ಬರುವಾಗ ಅವನು ಸೈಕಲ್ಲಿನಲ್ಲಿ ಬರುತ್ತಾನೆ ಎನ್ನುವುದು ಅವಳಿಗೆ ಗೊತ್ತಿತ್ತು.

‘ಬನ್ನಿ ಬನ್ನಿ,’ ಅಂದ ಲಿಫ್ಟಜ್ಜ. ಬಿಸ್ಕತ್ತು ಚಹಾದಲ್ಲಿ ಮುರಿದು ಬಿತ್ತು, ಅದರ ಕಡೆ ಗಮನವಿಲ್ಲ. ‘ಹೋದ್ಸಲ ಬಂದಾಗ ನಿಮ್ಮನ್ನ ಮಾತಾಡಿಸ್ಲಿಕ್ಕೂ ಆಗ್ಲಿಲ್ಲ ನೋಡಿ. ಊರು ಹೋಗು ಅಂತಿತ್ತು, ಕಾಡು ಬಾ ಅಂತಿತ್ತು, ಲಿಫ್ಟು ಮಧ್ಯದಲ್ಲೇ ನಿಂತ್‌ಬಿಡ್ತು. ಹೇಗೋ ಯಾರೋ ಬಟನ್ ಒತ್ತಿದ್ರು, ವಾಪಸ್ ಬಂದೆ.’

‘ಒಳ್ಳೇದಾಯ್ತು ಅಜ್ಜ,’ ಅಂದ ಅವನು. ‘ಪಂಪ್ ನೋಡ್ಕೊಂಡು ಹೋಗೋಣ ಅಂತ ಬಂದೆ.’

‘ನೋಡಿ ನೋಡಿ. ನೀವೊಬ್ಬರೇ ನನ್ನ ನೋಡೋಕೆ ಬರೋರು. ಅದಕ್ಕೇ ಇವಳಿಗೆ ಹೇಳ್ತೀನಿ, ಪಂಪ್ ಆಗಾಗ ಕೆಡ್ತಾ ಇರ್ಲಿ ಅಂತ.’

ಲಿಫ್ಟಜ್ಜ ದೊಡ್ಡ ಕಚೇರಿಯೊಂದರ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಆಯುಷ್ಯ ಕಳೆದವನು. ಬಾಯಿ ತೆರೆದರೆ ಅದೇ ತಮಾಷೆ. ಊರನ್ನೆಲ್ಲ ಮೇಲೆತ್ತಿದೆ, ನನ್ನ ಮನೆಗೆ ಮಾತ್ರ ಮೆಟ್ಟಿಲು ಅನ್ನುತ್ತಾನೆ. ಮಂಚದಣ್ಣ ನೆಲಕ್ಕೆ ಕೂತು ಪಂಪಿನ ಮೇಲೆ ಕೈಯಿಟ್ಟ. ಕೆಟ್ಟಿರಲಿಲ್ಲ, ಕೆಡುವ ಲಕ್ಷಣವೂ ಇರಲಿಲ್ಲ. ಅಂಗೈಗೆ ಅದರ ನಡುಕ ತಾಗುತ್ತಿತ್ತು. ಇದೇ ನಡುಕ ಇಷ್ಟು ಹೊತ್ತಿಗೆ ಅಕ್ಕನ ಸೊಂಟದ ಕೆಳಗೆ ಇರಬೇಕಾಗಿತ್ತು. ಭಾವ ಬೆಳಿಗ್ಗೆಯಿಂದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಚಿಕ್ಕಂದಿನಲ್ಲಿ ಅಕ್ಕ ಅವನನ್ನು ಅದೇ ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದಳು. ಅವಳೇ ಅಷ್ಟುದ್ದ, ಇವನ ಕಾಲು ನೆಲಕ್ಕೆ ತಾಗುತ್ತಿತ್ತಂತೆ. ‘ಇಳಿಸೇ, ಸೊಂಟ ಸೊಟ್ಟಗಾಗುತ್ತೆ’ ಎಂದು ಅಮ್ಮ ಬೈದರೆ, ‘ಇವನು ಇಳಿಯಲ್ಲ ಕಣಮ್ಮ’ ಅನ್ನುತ್ತಿದ್ದಳಂತೆ. ನಿಜ, ಅವನು ಇಳಿದಿರಲಿಲ್ಲ. ಮೊನ್ನೆ ಆಸ್ಪತ್ರೆಯ ನರ್ಸಮ್ಮ ಬಂದು ಅಕ್ಕನ ಹುಣ್ಣು ತೊಳೆಯುವಾಗ ಅವನು ಹೊರಗೆ ಹೋಗಿ ನಿಂತಿದ್ದ. ಎಷ್ಟು ಜನರ ಹುಣ್ಣು ನೋಡಿದ ಕಣ್ಣು, ಅದೊಂದನ್ನು ನೋಡಲಾರದೆ ಹೋಯಿತು. ಒಳಗೆ ಅಕ್ಕ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

‘ಹುಣ್ಣು ಹೇಗಿದೆ ಅಜ್ಜ?’

‘ಮಾಯ. ನರ್ಸಮ್ಮ ಮೊನ್ನೆ ನೋಡಿ ಹೇಳಿದ್ರು, ಮಗುವಿನ ಚರ್ಮ ಬಂದ ಹಾಗೆ ಬಂದಿದೆಯಂತೆ. ಮುಖಕ್ಕೂ ಹಾಗೇ ಬರೋ ಹಾಗಿದ್ರೆ ನೋಡಿ ಅಂದೆ.’

ಇಂಥದ್ದಕ್ಕೂ ಒಂದು ಕಟ್ಟಳೆ ಇತ್ತು. ಅದು ಧರ್ಮಾಸ್ಪತ್ರೆಯ ಡಾಕ್ಟರಮ್ಮ ಮಾಡಿದ್ದು. ಹುಣ್ಣು ಪೂರ್ತಿ ಮಾಗಿ, ರೋಗಿ ಯಾರ ಸಹಾಯವೂ ಇಲ್ಲದೆ ತಾನಾಗಿ ಮಗ್ಗುಲು ಬದಲಿಸುವಂತಾದರೆ ಹಾಸಿಗೆ ಮುಂದಿನವರಿಗೆ ಹೋಗಬೇಕು. ‘ಬದಲಿಸೋದು ಅಂದ್ರೆ ಆ ಕಡೆ ಹೋಗೋದಷ್ಟೇ ಅಲ್ಲ, ಈ ಕಡೆ ವಾಪಸ್ ಬರೋದೂ ಸೇರಿ’ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ನೋಡಿ ತೀರ್ಮಾನ ಮಾಡುವುದು ಅವನಿಗೇ ಬಿಟ್ಟಿದ್ದರು. ಆ ಕಟ್ಟಳೆಯನ್ನು ಅವನು ಇದುವರೆಗೆ ಒಮ್ಮೆಯೂ ಬಳಸಿರಲಿಲ್ಲ. ಹಾಸಿಗೆಗಳು ಯಾವಾಗಲೂ ಇನ್ನೊಂದು ದಾರಿಯಲ್ಲೇ ವಾಪಸಾಗುತ್ತಿದ್ದವು. ಆ ದಾರಿಗೆ ಅವನು ಎಷ್ಟು ಒಗ್ಗಿಹೋಗಿದ್ದ ಎಂದರೆ, ಮನುಷ್ಯ ಗುಣವಾಗುವುದನ್ನು ಕಂಡರೆ ಏನು ಮಾಡಬೇಕೆಂದೇ ಮರೆತಿದ್ದ.

‘ಸ್ವಲ್ಪ ಮಗ್ಗುಲು ತಿರುಗಿ ನೋಡೋಣ ಅಜ್ಜ.’

ಮಾತು ತಾನಾಗಿ ಬಾಯಿಂದ ಜಾರಿತು ಎಂದು ಆಮೇಲೆ ಹೇಳಿಕೊಳ್ಳಬಹುದಿತ್ತು. ಜಾರಿದ್ದಲ್ಲ, ಅವನೇ ಆಡಿದ್ದು. ಹೊಲಿಗೆ ಯಂತ್ರ ನಿಂತಿತು.

‘ಈಗ ಯಾಕೆ?’ ಅಂದಳು ಮಗಳು. ‘ಈಗ ತಾನೆ ಚಹಾ ಕುಡ್ದಿದ್ದಾರೆ. ಬೇಡಪ್ಪ, ಸುಮ್ನಿರು.’

‘ಕೇಳಿದ್ರಲ್ಲ ಅವರು, ತೋರಿಸೋದಕ್ಕೇನು ಕಷ್ಟ,’ ಅಂದ ಲಿಫ್ಟಜ್ಜ. ಲೋಟ ಮಗಳ ಕಡೆ ಚಾಚಿದ. ಅವನ ಮುಖದಲ್ಲಿ ಪರೀಕ್ಷೆಗೆ ಓದಿಕೊಂಡು ಬಂದ ಹುಡುಗನ ಹುರುಪು.

‘ಅಪ್ಪ, ಬೇಡ ಅಂದ್ನಲ್ಲ. ನಿನಗೆ ಗೊತ್ತಾಗಲ್ಲ.’

‘ನಿನಗೇ ಗೊತ್ತಾಗಲ್ಲ. ದಿನಾ ನೀನು ನಿದ್ದೆ ಮಾಡುವಾಗ ಅಭ್ಯಾಸ ಮಾಡ್ತಾ ಇದ್ದೀನಿ. ನೋಡಿ ಇವ್ರೆ.’

ಲಿಫ್ಟಜ್ಜ ಮಂಚದ ಕಂಬಿಯನ್ನು ಹಿಡಿದ. ಬೆರಳ ಗಂಟುಗಳು ಬಿಳಿಚಿದವು. ಮೊದಲು ತಲೆ ತಿರುಗಿತು, ತುಂಬ ಹೊತ್ತಿನ ಮೇಲೆ ಭುಜ, ಸೊಂಟ ಬರಲಿಲ್ಲ. ಮಗಳು ಮುಂದೆ ಬಂದಳು. ‘ಮುಟ್ಬೇಡ,’ ಅಂದ. ಕತ್ತಿನ ನರ ಹುರಿಯಾಗಿ ನಿಂತಿತ್ತು, ಬಾಯಿಯಿಂದ ಜೊಲ್ಲು ದಿಂಬಿಗೆ ಇಳಿಯಿತು. ನೋಡುತ್ತ ನಿಂತವನು ಸಾಕು ಅಜ್ಜ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಬಾಯಿವರೆಗೆ ಬಂದದ್ದನ್ನು ನುಂಗಿಕೊಂಡ. ತಿರುಗು, ತಿರುಗು ಎಂದು ಒಳಗೇ ತಳ್ಳುತ್ತಿದ್ದ. ತಿರುಗದಿರಲಿ ದೇವರೇ ಎಂದೂ ಕೇಳಿಕೊಳ್ಳುತ್ತಿದ್ದ. ಎರಡೂ ನಿಜ. ಕಡೆಗೆ ಸೊಂಟವೂ ಬಂತು. ಲಿಫ್ಟಜ್ಜ ಗೋಡೆಗೆ ಮುಖಮಾಡಿ ಮಲಗಿದ್ದ, ಏದುಸಿರು ಬಿಡುತ್ತ.

‘ನೋಡಿದ್ರಾ?’ ಎಂದು ಗೋಡೆಯನ್ನು ಕೇಳಿದ.

ಅಂಗಿ ಮೇಲೆ ಸರಿದು ಬೆನ್ನ ಕೆಳಗಿನ ಜಾಗ ಕಾಣುತ್ತಿತ್ತು. ಹುಣ್ಣಿದ್ದ ಕಡೆ ತೆಳ್ಳಗೆ, ಮಿರುಗುವ, ನಸುಗೆಂಪಿನ ಹೊಸ ಚರ್ಮ. ಒರಟು ಹಾಸಿಗೆ ಸಿಕ್ಕರೆ ಇಂಥ ಚರ್ಮ ಎಷ್ಟು ದಿನ ತಡೆಯುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಈಗ ಆ ಮನುಷ್ಯ ವಾಪಸ್ ತಿರುಗಬೇಕು. ಕಾದ. ಲಿಫ್ಟಜ್ಜನ ಕೈ ಹಿಂದಕ್ಕೆ ಬಂದು ಗಾಳಿಯಲ್ಲಿ ಏನನ್ನೋ ಹುಡುಕಿತು, ಕಂಬಿ ಸಿಗಲಿಲ್ಲ. ಭುಜ ಒಂದಿಷ್ಟು ಎದ್ದು ಬಿತ್ತು, ಇನ್ನೊಮ್ಮೆ ಎದ್ದು ಬಿತ್ತು. ‘ಸ್ವಲ್ಪ ತಡೀರಿ,’ ಅಂದ, ಇನ್ನೂ ನಗುವ ದನಿಯಲ್ಲೇ. ಆಗ ಅವನು ಬಗ್ಗಿ, ಮಂಚದ ಹೊದಿಕೆ ಸರಿಮಾಡುವವನಂತೆ, ಒಂದು ಕೈಯನ್ನು ಲಿಫ್ಟಜ್ಜನ ಭುಜದ ಕೆಳಗೆ ತೂರಿಸಿದ. ದಿನವೂ ಎಷ್ಟೋ ಜನರನ್ನು ತಿರುಗಿಸಿದ ಕೈ ಅದು, ಹೆಚ್ಚು ಬಲ ಬೇಕಾಗಲಿಲ್ಲ. ಲಿಫ್ಟಜ್ಜ ಅಂಗಾತ ಬಂದು, ಚಾವಣಿ ನೋಡಿ ಅಗಲವಾಗಿ ನಕ್ಕ.

‘ಪಾಸಾ?’

‘ಪಾಸು ಅಜ್ಜ,’ ಅಂದ ಅವನು.

‘ನೀವು ಕೈ ಕೊಟ್ರಿ,’ ಅಂದಳು ಮಗಳು. ಅವಳ ದನಿ ಏರಿರಲಿಲ್ಲ. ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು.

‘ಸುಮ್ನೆ ಮುಟ್ಟಿದೆ ಅಷ್ಟೆ.’

‘ಎತ್ತಿದ್ರಿ. ನಾನು ನೋಡ್ದೆ.’

‘ಏನೇ ನೀನು,’ ಎಂದು ಲಿಫ್ಟಜ್ಜ ರೇಗಿದ. ‘ಅವ್ರು ಮುಟ್ಟಿದ್ದಷ್ಟೆ, ತಿರುಗಿದ್ದು ನಾನು. ಒಂದು ಒಳ್ಳೇದಾಯ್ತು ಅಂದ್ರೆ ನಿನಗೆ ಸಹಿಸಲ್ಲ.’

ಕಟ್ಟಳೆ ಮಗಳಿಗೆ ಗೊತ್ತಿತ್ತು. ಹಾಸಿಗೆ ತಂದುಕೊಟ್ಟ ದಿನ ಅವನೇ ಓದಿ ಹೇಳಿದ್ದ, ಅಂಥ ದಿನ ಬರಲಿ ಎಂದು ಹಾರೈಸಿಯೂ ಇದ್ದ. ಅವಳು ಅವನನ್ನು ಬಾಗಿಲಿನಾಚೆ ಕರೆದುಕೊಂಡು ಹೋದಳು. ‘ಯಾರಿಗೆ ಬೇಕು ಈಗ ಅದು?’

‘ಒಬ್ರು ಹೆಂಗಸಿಗೆ. ಹುಣ್ಣು ಮೂಳೆ ತನಕ ಹೋಗಿದೆ.’

‘ನಿಮಗೆ ಗೊತ್ತಿರೋರಾ?’

‘ಎಲ್ಲರೂ ಗೊತ್ತಿರೋರೇ ಅಮ್ಮ ನಮಗೆ.’

ಎಷ್ಟು ಸಲೀಸಾಗಿ ಬಂತು ಮಾತು. ನಮ್ಮಕ್ಕ ಅಂದಿದ್ದರೆ ಅವಳು ಬೈಯುತ್ತಿದ್ದಳು, ಬೈಸಿಕೊಂಡಿದ್ದರೆ ಎದೆ ಹಗುರವಾಗುತ್ತಿತ್ತು. ಆ ಹಗುರವನ್ನೂ ಅವನು ಬಿಟ್ಟುಕೊಟ್ಟ. ಅವಳು ಕುತ್ತಿಗೆಯ ಟೇಪು ತೆಗೆದು ಕೈಗೆ ಸುತ್ತಿಕೊಂಡಳು. ‘ನಾನು ಹೊಲೀತಾ ಕೂತ್ರೆ ಅವರನ್ನ ತಿರುಗಿಸೋರಿಲ್ಲ. ತಿರುಗಿಸ್ತಾ ಕೂತ್ರೆ ಒಲೆ ಹತ್ತಲ್ಲ,’ ಅಂದಳು. ದೂರಿನಂತೆ ಅಲ್ಲ, ಸುಸ್ತಾದವರು ತಮ್ಮ ಪಾಡಿಗೆ ಹೇಳಿಕೊಳ್ಳುವಂತೆ. ‘ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ್ರಂತೆ. ತಗೊಂಡು ಹೋಗಿ. ಅಪ್ಪನ ಎದುರು ಮಾತ್ರ ಏನೂ ಹೇಳ್ಬೇಡಿ. ಗೆದ್ದೆ ಅಂದ್ಕೊಂಡಿದ್ದಾರೆ.’

ಡ್ರೈವರು ಮೇಲೆ ಬಂದ. ಇಬ್ಬರೂ ಸೇರಿ ಲಿಫ್ಟಜ್ಜನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಮೊದಲ ಸಲ ಎತ್ತಿದಾಗಿನದಕ್ಕಿಂತ ಕೊಂಚ ಭಾರ ಬಂದಿತ್ತು ಮೈಗೆ. ಕೊಳವೆ ಕಿತ್ತೊಡನೆ ಹಾಸಿಗೆ ಉಸ್ಸೆಂದು ಇಳಿಯತೊಡಗಿತು, ಅವನು ಮೊಣಕಾಲೂರಿ ಒಂದು ತುದಿಯಿಂದ ಸುತ್ತುತ್ತ ಹೋದ. ಮಗಳು ಹತ್ತಿಯ ಹಾಸಿಗೆ ತಂದು ಹಾಸಿದಳು, ಅದರ ಮೇಲೆ ಹೊಲಿಗೆಯಲ್ಲಿ ಉಳಿದ ತುಂಡು ಬಟ್ಟೆಗಳನ್ನು ಜೋಡಿಸಿದ ದಪ್ಪ ಕೌದಿ, ಅದರ ಮೇಲೆ ಇನ್ನೊಂದು. ಅಂಗೈಯಿಂದ ಒತ್ತಿ ಒತ್ತಿ ನೋಡಿದಳು. ಅವಳು ಹಾಗೆ ಒತ್ತಿ ನೋಡಿದ್ದನ್ನು ಅವನು ಕಂಡ. ಕಂಡೂ ಸುತ್ತುವುದನ್ನು ನಿಲ್ಲಿಸಲಿಲ್ಲ.

‘ಇನ್ನು ನೀವು ಬರಲ್ವಾ ಹಾಗಾದ್ರೆ?’ ಎಂದು ಲಿಫ್ಟಜ್ಜ ಕೇಳಿದ. ಗಾಳಿ ಹಾಸಿಗೆ ಹೊರಟದ್ದು ಅವನಿಗೆ ಈಗ ಅರ್ಥವಾದಂತಿತ್ತು.

‘ಬರ್ತೀನಿ ಅಜ್ಜ.’

‘ಯಾಕೆ ಬರ್ತೀರಿ, ಪಂಪೇ ಇಲ್ವಲ್ಲ.’ ತಾನೇ ನಕ್ಕ. ‘ಹೋಗ್ಲಿ ಬಿಡಿ. ಗುಣ ಆದ್ಮೇಲೆ ಯಾರು ಬರ್ತಾರೆ.’

ವ್ಯಾನಿನಲ್ಲಿ ಡ್ರೈವರು, ‘ಇದು ಮೊದಲ್ನೇ ಸಲ ಅಲ್ವಾಣ್ಣ, ಜೀವಂತ ಇರೋರ ಮನೆಯಿಂದ ತಗೊಂಡು ಬರ್ತಿರೋದು? ನಮಗೂ ಒಂದು ಒಳ್ಳೇ ದಿನ’ ಅಂದ. ಅವನು ಹೂಂಗುಟ್ಟಿದ. ಸುರುಳಿ ಸುತ್ತಿದ ಹಾಸಿಗೆ ತೊಡೆಯ ಮೇಲಿತ್ತು, ಹಿಂದೆ ಇಡಲು ಮನಸ್ಸು ಬಂದಿರಲಿಲ್ಲ. ತಿರುಗಿ ಹೋಗು ಅನ್ನಬಹುದಿತ್ತು. ಒಂದೊಂದು ತಿರುವಿನಲ್ಲೂ, ಈಗ ಅನ್ನುತ್ತೇನೆ, ಇಲ್ಲಿಂದಾದರೂ ಹತ್ತಿರ ಎಂದುಕೊಂಡ. ಲಿಫ್ಟಜ್ಜನ ಚರ್ಮ ಕೆಂಪಗಾಗುವುದು, ಆಮೇಲೆ ಕಪ್ಪಗಾಗುವುದು ಅವನ ಕಣ್ಣಿಗೆ ಈಗಲೇ ಕಾಣುತ್ತಿತ್ತು. ಹಾಗಾದರೆ ಮತ್ತೆ ಸರದಿಗೆ ಹಾಕಿದರಾಯಿತು. ಸರದಿಯಲ್ಲಿ ಮುಂದಿನ ಹಾಸಿಗೆ ಯಾರು ಹೋದ ಮೇಲೆ ಬರುತ್ತದೆ? ಹಾಸಿಗೆ ಸಿಕ್ಕವರಲ್ಲಿ ಎಲ್ಲರಿಗಿಂತ ಸೋತವಳು ಅಕ್ಕ, ಅವಳು ಹೋದ ಮೇಲೆ ಎಂದು ಲೆಕ್ಕ ತಾನಾಗಿ ಬಂದು ನಿಂತಿತು. ಮನುಷ್ಯರನ್ನು ಹೀಗೆ ಒಬ್ಬರ ಹಿಂದೊಬ್ಬರು ನಿಲ್ಲಿಸಿ ನೋಡುವ ಕಣ್ಣು ತನಗೆ ಯಾವಾಗ ಬಂತು ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆ ಅಸಹ್ಯದಲ್ಲೇ ವ್ಯಾನು ಅಕ್ಕನ ಬೀದಿಗೆ ಬಂದು ನಿಂತಿತ್ತು.

ಭಾವ ಕುರ್ಚಿಯಿಂದ ಎದ್ದು ನಿಂತ. ಹಾಸಿಗೆಯನ್ನು ನೋಡಿ, ದಾರಿ ಬಿಡಲು ಕುರ್ಚಿಯನ್ನು ಪಕ್ಕಕ್ಕೆ ಎಳೆದ. ಒಂದೇ ಕೋಣೆ, ಗೋಡೆಯ ಮೇಲೆ ಯಾರೂ ವಾಪಸ್ ಒಯ್ಯದ ಗಡಿಯಾರಗಳು, ಒಂದೊಂದೂ ತನಗೆ ಬೇಕಾದ ಹೊತ್ತಿನಲ್ಲಿ ನಿಂತವು. ಪಂಪು ಹಾಸಿಗೆಯನ್ನು ತುಂಬುವಷ್ಟು ಹೊತ್ತು ಅಕ್ಕನನ್ನು ಅವನು ತೋಳಿನಲ್ಲೇ ಎತ್ತಿ ಹಿಡಿದುಕೊಂಡಿದ್ದ. ಕೆಳಗಿಡು, ಕೈ ಸೋತೀತು ಎಂದು ಅಕ್ಕ ಅಂದಳು. ಅವನು ಕೆಳಗಿಡಲಿಲ್ಲ. ಆಮೇಲೆ ಮೆಲ್ಲಗೆ ಮಲಗಿಸಿದ. ಅವಳ ಮೈಯ ಒಂದೊಂದು ಭಾಗವೂ ಹೊಸ ಜಾಗಕ್ಕೆ ನಂಬಿಕೆಯಿಲ್ಲದೆ ಬಿಗಿದುಕೊಂಡಿದ್ದು, ನಿಧಾನವಾಗಿ ಸಡಿಲವಾಯಿತು. ಹಣೆಯ ಗಂಟು ಬಿಚ್ಚಿತು. ಈ ಮುಖವನ್ನು ಎಷ್ಟು ದಿನದಿಂದ ನೋಡಿರಲಿಲ್ಲ. ಅವನಿಗೆ ಸಂತೋಷವಾಯಿತು, ಅಳು ಬರುವಷ್ಟು ಸಂತೋಷ. ಅದಕ್ಕೂ ನಾಚಿಕೆಯಾಯಿತು.

‘ನೀರ ಮೇಲೆ ಮಲಗಿದ ಹಾಗಿದೆ ಕಣೋ,’ ಅಂದಳು ಅಕ್ಕ. ಕಣ್ಣು ಮುಚ್ಚಿಯೇ ಇದ್ದಳು. ‘ಯಾರದು ಇದು?’ ಅಂದಳು.

‘ಆಸ್ಪತ್ರೇದು ಅಕ್ಕ.’

‘ಅದು ಗೊತ್ತು. ನನಗಿಂತ ಮುಂಚೆ ಯಾರದು?’

‘ಒಬ್ಬ ಅಜ್ಜಂದು. ಲಿಫ್ಟಿನಲ್ಲಿ ಕೆಲಸ ಮಾಡ್ತಿದ್ದವರು. ಮಗಳ ಜೊತೆ ಇದ್ರು.’

‘ಹೋದರಾ ಪಾಪ?’

ಭಾವ ತಲೆ ಎತ್ತಿ ಅವನನ್ನು ನೋಡಿದ. ಪಂಪು ಗುಂಯ್ ಅನ್ನುತ್ತಿತ್ತು. ಇದ್ದಾರೆ ಎಂದರೆ ಅಕ್ಕ ಈ ಹಾಸಿಗೆಯ ಮೇಲೆ ಇನ್ನೊಂದು ಕ್ಷಣ ಮಲಗುವುದಿಲ್ಲ. ಅವಳು ಅಂಥವಳು.

‘ಹೂಂ,’ ಅಂದ. ‘ಹೋದರು.’

‘ಕಷ್ಟಪಟ್ರಾ?’

‘ಇಲ್ಲ ಅಕ್ಕ. ಕೊನೇ ತನಕ ನಗ್ತಾ ಇದ್ರು.’

‘ಪುಣ್ಯವಂತರು,’ ಅಂದಳು ಅಕ್ಕ. ಹೊದಿಕೆಯೊಳಗಿಂದ ಕೈ ಹೊರತೆಗೆದು ಎದೆಯ ಮೇಲೆ ಜೋಡಿಸಿ, ಯಾರಿಗೋ ಏನನ್ನೋ ಕೇಳಿಕೊಳ್ಳುವಂತೆ ತುಟಿಯಾಡಿಸಿದಳು. ಆಮೇಲೆ ಅದೇ ಕೈಯಿಂದ ಅವನ ಕೈ ಹುಡುಕಿ ಹಿಡಿದಳು. ‘ಆ ಮಗಳನ್ನ ಹೋಗಿ ಮಾತಾಡ್ಸಿಕೊಂಡು ಬಾ. ಹಾಸಿಗೆ ಸಿಕ್ತು ಅಂತ ಸುಮ್ನಾಗ್‌ಬೇಡ. ಸಾವಾದ ಮನೆಗೆ ಆಮೇಲೆ ಯಾರೂ ಹೋಗಲ್ಲ.’

‘ಹೋಗ್ತೀನಿ.’

‘ನನ್ನ ಮೇಲೆ ಆಣೆ ಮಾಡು.’

ಅವನು ಅಕ್ಕನ ಕೈಯ ಮೇಲೆ ಕೈಯಿಟ್ಟು ಆಣೆ ಮಾಡಿದ.